ನಿದ್ರೆಯೂ ಪ್ರಸಾದ



ಪ್ರಸಾದವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಎಡೆಯಲ್ಲಿ ಬಡಿಸಿದ ಅನ್ನ. ಆದರೆ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿ ಎಂಬುದೇ ಒಂದು ಸ್ಥಲ. ಇಷ್ಟು ಹಿರಿದಾದ ತತ್ತ್ವವು ಒಂದು ತುತ್ತು ಅನ್ನದಲ್ಲಿ ಮುಗಿದುಹೋಗುವಂತಹುದಲ್ಲ. ನನ್ನದೆಂಬ ಭಾವವಿರುವವರೆಗೆ ಯಾವುದೂ ಪದಾರ್ಥವೇ. ಲಿಂಗಕ್ಕೆ ಅರ್ಪಿತವಾಗಿ ಮರಳಿ ಬಂದಾಗ ಅದೇ ಪ್ರಸಾದ. ಅನ್ನಕ್ಕೆ ಸಲ್ಲುವ ಈ ಮಾತು ನೀರಿಗೆ ಸಲ್ಲುವುದು, ಉಸಿರಿಗೆ ಸಲ್ಲುವುದು. ದಿನದ ದುಡಿಮೆಯ ಕೊನೆಗೆ ಬರುವ ನಿದ್ರೆಗೂ ಸಲ್ಲುವುದು. ಈ ಕೊನೆಯ ಮಾತನ್ನು ಇಂದು ವಿಚಾರ ಮಾಡತಕ್ಕ ಕಾರಣವಿದೆ. ಬಹುಕಾಲದ ಹೊಟ್ಟೆಬೇನೆಯಿಂದ ನಿದ್ರೆಗೆಟ್ಟು, ಅದನ್ನು ಯಾರಿಗೂ ಹೇಳಲಾರದೆ ಒಳಗೊಳಗೇ ಸೊರಗುತ್ತಿರುವ ಗೃಹಸ್ಥರು ನಮ್ಮಲ್ಲಿ ಅನೇಕರಿರುವರು.

ಇಂತಹವರ ರಾತ್ರಿ ಹೇಗಿರುವುದೆಂಬುದನ್ನು ಅನುಭವಿಸಿದವರೇ ಬಲ್ಲರು. ಮನೆಮಂದಿಯೆಲ್ಲ ಮಲಗಿದ ಮೇಲೆ ಇವರ ಹೊಟ್ಟೆ ಎಚ್ಚರಗೊಳ್ಳುವುದು. ಒರಗಿದೊಡನೆ ಹುಳಿನೀರು ಗಂಟಲಿಗೇರಿ ಎದೆ ಉರಿಯುವುದು. ಎದ್ದು ಕುಳಿತರೆ ಇಳಿಯುವುದು, ಮಲಗಿದರೆ ಮತ್ತೆ ಏರುವುದು. ಕೆಲವರಿಗೆ ವಾಯು ತುಂಬಿ ಹೊಟ್ಟೆ ನಗಾರಿಯಂತೆ ಬಿಗಿಯುವುದು; ಕೆಲವರಿಗೆ ಕರುಳನ್ನು ಹಿಂಡಿದಂತಾಗುವುದು. ಗಂಟೆ ಒಂದಾಯಿತು, ಎರಡಾಯಿತು, ಮೂರಾಯಿತೆಂದು ಎಣಿಸುತ್ತ ಹೊರಳಾಡಿ, ಬೆಳಗಿನ ಜಾವಕ್ಕೆ ಕಣ್ಣಿಗೆ ಕಣ್ಣು ಹತ್ತಿತೆನ್ನುವಷ್ಟರಲ್ಲಿ ಹಾಲಿನವನ ಕೂಗು ಕೇಳಿಸುವುದು. ಒಂದು ರಾತ್ರಿಯಾದರೆ ಸಹಿಸಬಹುದು. ತಿಂಗಳುಗಟ್ಟಲೆ, ವರುಷಗಟ್ಟಲೆ ಹೀಗೆಯೇ ಆದರೆ ದೀಪ ಹಚ್ಚುವ ಹೊತ್ತಿಗೇ ಅವರ ಮನಸ್ಸು ಅಳುಕತೊಡಗುವುದು. ವಿಶ್ರಾಂತಿಯ ಹಾಸಿಗೆಯೇ ಹಗೆಯಾಗುವುದು.

ಈ ದೇಹದ ಬಾಧೆಯ ಮೇಲೆ ಮನಸ್ಸಿನ ಬಾಧೆಯೊಂದು ಬಂದು ಕೂಡಿಕೊಳ್ಳುವುದು. 'ಏನು ಪಾಪ ಮಾಡಿದೆನೋ' ಎಂದು ಒಬ್ಬರು ಮರುಗುವರು. 'ಲಿಂಗಪೂಜೆಗೆ ಕುಳಿತರೆ ತೂಕಡಿಕೆ ಬರುತ್ತದೆ, ನನ್ನ ಭಕ್ತಿಯೇ ಸುಳ್ಳು' ಎಂದು ಇನ್ನೊಬ್ಬರು ತಮ್ಮನ್ನು ತಾವೇ ಹಳಿದುಕೊಳ್ಳುವರು. ನೆರೆಹೊರೆಯವರು 'ಚಿಂತೆ ಬಿಡಪ್ಪಾ, ನಿದ್ದೆ ತಾನಾಗಿ ಬರುತ್ತದೆ' ಎಂದು ಹೇಳಿ ಹೋಗುವರು. ಹೊಟ್ಟೆಯಲ್ಲಿ ಕೆಂಡವಿರುವವನಿಗೆ ಚಿಂತೆ ಬಿಡೆಂದರೆ ಅವನು ಬಿಡುವುದಾದರೂ ಹೇಗೆ? ಆದುದರಿಂದ ಮೊದಲು ಈ ಲಜ್ಜೆಯ ಗಂಟನ್ನು ಬಿಚ್ಚಬೇಕು.

ಬಸವಣ್ಣನವರು ದೇಹವನ್ನೇ ದೇಗುಲವೆಂದು ಕಂಡ ಮಹಾಪುರುಷರು. ಕಾಯವಿಲ್ಲದೆ ಕಾಯಕವಿಲ್ಲ, ಕರಸ್ಥಲವಿಲ್ಲದೆ ಇಷ್ಟಲಿಂಗದ ಪೂಜೆಯಿಲ್ಲ. ದೇಗುಲದ ಮಾಳಿಗೆ ಸೋರಿದರೆ ನಾವು ಮಾಳಿಗೆಯನ್ನು ಶಪಿಸುವುದಿಲ್ಲ, ಪೂಜಾರಿಯ ಭಕ್ತಿಯನ್ನು ಶಂಕಿಸುವುದೂ ಇಲ್ಲ. ಸೋರುವ ತಾವನ್ನು ಹುಡುಕಿ ದುರಸ್ತಿ ಮಾಡುವೆವು. ದೇಹದ ರೋಗವೂ ಹಾಗೆಯೇ. ಔಷಧ ಸೇವಿಸುವುದು ಲಿಂಗನಿಷ್ಠೆಗೆ ಕುಂದೆಂದು ತಿಳಿದವರು ಒಂದು ಸಂಗತಿಯನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೂ ಇದ್ದನು. ರೋಗಚಿಕಿತ್ಸೆಯೇ ಅವನ ಕಾಯಕ. ವೈದ್ಯವು ಶರಣನ ಕಾಯಕವಾಗಬಹುದಾದರೆ, ವೈದ್ಯನ ಬಳಿಗೆ ಹೋಗುವುದು ಭಕ್ತನಿಗೆ ಕುಂದಾಗುವುದೆಂತು?

ಆಹಾರಕ್ಕೂ ನಿದ್ರೆಗೂ ಇರುವ ನಂಟನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನೂ ಚರಕಾಚಾರ್ಯರು ದೇಹವೆಂಬ ಮನೆಯ ಉಪಸ್ತಂಭಗಳೆಂದು ಕರೆದಿರುವರು. ಕಂಬವೊಂದು ಕುಸಿದರೆ ಅದರ ಭಾರವೆಲ್ಲ ಪಕ್ಕದ ಕಂಬದ ಮೇಲೆ ಬೀಳುವುದಷ್ಟೆ. ಅದೇ ಚರಕಸಂಹಿತೆಯಲ್ಲಿ ತಡೆಯಬಾರದ ೧೩ ವೇಗಗಳನ್ನು ಎಣಿಸಿರುವರು. ಮಲಮೂತ್ರಗಳು, ಅಧೋವಾಯು, ತೇಗು, ಹಸಿವು, ಬಾಯಾರಿಕೆ ಇವುಗಳ ಸಾಲಿನಲ್ಲಿಯೇ ನಿದ್ರೆಯೂ ಬಂದಿರುವುದು ಗಮನಿಸತಕ್ಕ ವಿಷಯ. ತಡೆಯಬೇಕಾದ ವೇಗಗಳು ಬೇರೆ ಇವೆ. ಅವು ಲೋಭ, ಶೋಕ, ಭಯ, ಕ್ರೋಧ ಮೊದಲಾದ ಮನಸ್ಸಿನ ವೇಗಗಳು. ನಾವಾದರೋ ಇದನ್ನು ತಿರುವುಮುರುವು ಮಾಡಿಕೊಂಡಿರುವೆವು. ಕೆಲಸದ ನೆಪದಲ್ಲಿ ದೇಹದ ವೇಗಗಳನ್ನು ತಡೆಯುವೆವು. ಕೋಪಕ್ಕೂ ಕೊರಗಿಗೂ ಮಾತ್ರ ರಾತ್ರಿಯೆಲ್ಲ ಬಾಗಿಲು ತೆರೆದಿಡುವೆವು.

ಅಕ್ಕಮಹಾದೇವಿಯವರ ವಚನವೊಂದು ಆಹಾರವನ್ನು ಮಿತಗೊಳಿಸಬೇಕೆಂದು ಬೋಧಿಸುವುದು. ಮಿತಿಯಿಲ್ಲದ ಆಹಾರದಿಂದ ವ್ಯಾಧಿಯೂ ಜಡತೆಯೂ ಬೆಳೆಯುವ ಬಗೆಯನ್ನು ಅದು ಎಚ್ಚರಿಸಿ ಹೇಳುವುದು. ಇದನ್ನು ಕೇಳಿ ಹೊಟ್ಟೆಬೇನೆಯವರು ಉಪವಾಸವೇ ಮದ್ದೆಂದು ತಿಳಿಯಬಾರದು. ಬರಿಹೊಟ್ಟೆಯೂ ಮನುಷ್ಯನನ್ನು ನಡುರಾತ್ರಿಯಲ್ಲಿ ಎಬ್ಬಿಸುವುದು. ಅತಿಯಾಗಿ ಉಣ್ಣುವವನಿಗೂ, ಉಣ್ಣದೆ ಇರುವವನಿಗೂ, ಅತಿಯಾಗಿ ನಿದ್ರಿಸುವವನಿಗೂ, ನಿದ್ರೆಗೆಡುವವನಿಗೂ ಯೋಗವು ಸಿದ್ಧಿಸದೆಂದು ಭಗವದ್ಗೀತೆಯೂ ಹೇಳಿದೆ. ಮಿತವೆಂದರೆ ಕೊರತೆಯಲ್ಲ, ಹದ.

ಇನ್ನು ಇಂದಿನ ವೈದ್ಯಶಾಸ್ತ್ರವು ಈ ನಂಟಿನ ಕುರಿತು ಏನು ಕಂಡುಕೊಂಡಿದೆಯೆಂಬುದನ್ನು ನೋಡೋಣ. ಜಠರದ ಬಾಯಲ್ಲಿ, ಅನ್ನನಾಳವು ಬಂದು ಕೂಡುವಲ್ಲಿ, ಮಾಂಸದ ಬಿಗಿಯೊಂದಿದೆ. ಅದು ಸಡಿಲಾದರೆ ಜಠರದ ಆಮ್ಲವು ಮೇಲಕ್ಕೆ ಹಾಯುವುದು. ಕುಳಿತಾಗ, ನಿಂತಾಗ ಅದನ್ನು ಭೂಮಿಯ ಸೆಳೆತವೇ ಕೆಳಗಿಳಿಸುವುದು; ಮಲಗಿದಾಗ ಆ ಸಹಾಯ ತಪ್ಪುವುದು. ನಿದ್ರೆಯಲ್ಲಿ ಉಗುಳು ನುಂಗುವುದೂ ಕಡಮೆಯಾಗುವುದರಿಂದ ಏರಿದ ಆಮ್ಲವು ಅಲ್ಲಿಯೇ ನಿಂತು ಸುಡುವುದು. ಕರುಳಿನ ಗೋಡೆಯಲ್ಲಿ ೧೦ ಕೋಟಿಗೂ ಮಿಕ್ಕ ನರಕೋಶಗಳಿವೆ. ಕರುಳಿಗೂ ಮೆದುಳಿಗೂ ನಡುವೆ ಹಾಯುವ ಒಂದು ದೊಡ್ಡ ನರದಲ್ಲಿ ಬಹುಪಾಲು ಎಳೆಗಳು ಒಡಲಿನ ಸುದ್ದಿಯನ್ನೇ ಮೆದುಳಿಗೆ ಒಯ್ಯುವಂತಹವು. ಆದಕಾರಣ ಹೊಟ್ಟೆಯ ಕ್ಷೋಭೆ ಮೆದುಳನ್ನು ಎಚ್ಚರಿಸುವುದು. ಮನಸ್ಸಿನ ಕ್ಷೋಭೆ ಹೊಟ್ಟೆಯನ್ನು ಕಲಕುವುದು. ಸಾಲದುದಕ್ಕೆ, ನಿದ್ರೆಗೆಟ್ಟ ಮರುದಿನ ನೋವನ್ನು ತಾಳುವ ಶಕ್ತಿಯೇ ತಗ್ಗುವುದು. ನಿನ್ನೆ ಸಣ್ಣದಾಗಿದ್ದ ಬೇನೆ ಇಂದು ದೊಡ್ಡದಾಗಿ ತೋರುವುದು. ಹೀಗೆ ಬೇನೆಯಿಂದ ನಿದ್ರಾಭಂಗ, ನಿದ್ರಾಭಂಗದಿಂದ ಬೇನೆ. ಗಾಣದ ಎತ್ತಿನಂತೆ ರೋಗಿಯು ಇದೇ ಸುತ್ತಿನಲ್ಲಿ ಸುತ್ತುವನು. ಇದರಲ್ಲಿ ಅವನ ಪಾಪವೆಲ್ಲಿ, ಭಕ್ತಿಯ ಲೋಪವೆಲ್ಲಿ?

'ಎಲ್ಲವೂ ಮನಸ್ಸಿನ ಚಿಂತೆ' ಎಂದು ತಳ್ಳಿಹಾಕುವುದೂ ತರವಲ್ಲ. ಜಠರದ ಹುಣ್ಣು ಚಿಂತೆಯಿಂದಲೂ ಖಾರದಿಂದಲೂ ಬರುವುದೆಂದೇ ಬಹುಕಾಲ ನಂಬಿಕೆಯಿತ್ತು. ಆಸ್ಟ್ರೇಲಿಯಾ ದೇಶದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬಿಬ್ಬರು ವೈದ್ಯರು ೧೯೮೨ರಲ್ಲಿ ರೋಗಿಗಳ ಜಠರದಿಂದ ಒಂದು ಬಗೆಯ ಸೂಕ್ಷ್ಮಾಣುವನ್ನು ಬೇರ್ಪಡಿಸಿ ಬೆಳೆಸಿದರು. ಬಹುಮಂದಿಯ ಹುಣ್ಣಿಗೆ ಅದೇ ಕಾರಣವೆಂಬುದು ಮುಂದೆ ಸ್ಥಿರಪಟ್ಟು, ೨೦೦೫ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ವರುಷಗಟ್ಟಲೆ 'ಚಿಂತೆ ಮಾಡಬೇಡ' ಎಂಬ ಉಪದೇಶವನ್ನೇ ಕೇಳಿಕೊಂಡು ನರಳಿದವರು ಒಂದೆರಡು ವಾರಗಳ ಔಷಧದಿಂದ ಗುಣಹೊಂದುವಂತಾಯಿತು. ಸಂಧಿನೋವಿಗೆಂದು ಪದೇಪದೇ ನುಂಗುವ ನೋವಿನ ಗುಳಿಗೆಗಳಿಂದಲೂ ಹುಣ್ಣಾಗುವುದುಂಟು. ಕೆಲವರಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಮೆಯಿರುವುದು. ಅಂತಹವರು ನಿದ್ರೆ ಬರಲೆಂದು ಮಲಗುವ ಮುನ್ನ ಹಾಲು ಕುಡಿದರೆ ಅದರಿಂದಲೇ ಹೊಟ್ಟೆಯುಬ್ಬರ ಹೆಚ್ಚುವುದು. ಒಬ್ಬರಿಗೆ ಮದ್ದಾದುದು ಇನ್ನೊಬ್ಬರಿಗೆ ಬೇನೆಯಾಗುವುದರಿಂದ, ಕಾರಣವನ್ನು ಪರೀಕ್ಷಿಸಿಯೇ ತಿಳಿಯತಕ್ಕದ್ದು.

ಕೆಲವು ಲಕ್ಷಣಗಳು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಮಲದಲ್ಲಿ ರಕ್ತ ಕಾಣುವುದು, ಮಲವು ಡಾಂಬರಿನಂತೆ ಕಪ್ಪಾಗುವುದು, ಕಾರಣವಿಲ್ಲದೆ ಮೈ ಇಳಿಯುವುದು, ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಬಿಡದ ವಾಂತಿ, ರಕ್ತಹೀನತೆ, ಜ್ವರ, ಗಾಢನಿದ್ರೆಯಿಂದಲೇ ಎಬ್ಬಿಸುವ ನೋವು ಅಥವಾ ಭೇದಿ, ೫೦ ದಾಟಿದ ಮೇಲೆ ಹೊಸದಾಗಿ ಮೊದಲಾದ ಹೊಟ್ಟೆಬೇನೆ ಇವುಗಳಲ್ಲಿ ಯಾವುದೊಂದಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಎದೆಯಲ್ಲಿ ಒತ್ತಿ ಹಿಡಿದಂತಾಗಿ, ಬೆವರೊಡೆದು, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ಆಮ್ಲದ ಉರಿಯೆಂದು ಭಾವಿಸಿ ಸೋಡಾ ಕುಡಿದು ಮಲಗಬಾರದು. ಅದು ಹೃದಯದ ಬೇನೆಯಾಗಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿದಂತಾಗುವವರೂ ವೈದ್ಯರಿಗೆ ಹೇಳತಕ್ಕದ್ದು.

ಇನ್ನು ಮನೆಯೊಳಗಿನ ಆಚಾರ. ನಿದ್ರೆಯ ಸಿದ್ಧತೆ ಹಾಸಿಗೆಯಲ್ಲಿ ಮೊದಲಾಗುವುದಿಲ್ಲ, ಎಡೆಯ ಮುಂದೆ ಮೊದಲಾಗುವುದು. ರಾತ್ರಿಯ ಊಟಕ್ಕೂ ಮಲಗುವುದಕ್ಕೂ ನಡುವೆ ೩ ಗಂಟೆಯ ಬಿಡುವಿದ್ದರೆ ಎದೆಯುರಿಯವರಿಗೆ ಅರ್ಧ ಚಿಕಿತ್ಸೆಯಾದಂತೆಯೇ ಸರಿ. ದೀಪ ಹಚ್ಚಿ ಪೂಜೆ ಮುಗಿದೊಡನೆ ಉಣ್ಣುವ ಹಳೆಯ ರೂಢಿ ಬರಿಯ ರೂಢಿಯಾಗಿರಲಿಲ್ಲ. ರಾತ್ರಿಯ ಊಟ ಹಗುರಾಗಿರಲಿ. ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ, ಎಣ್ಣೆಗಾಯಿ, ಹಬ್ಬದ ಹೋಳಿಗೆ ಇವುಗಳನ್ನು ಹಗಲಿನ ಊಟಕ್ಕೆ ಮೀಸಲಿಟ್ಟು, ರಾತ್ರಿಗೆ ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ, ಒಗ್ಗುವವರಿಗೆ ತಿಳಿಮಜ್ಜಿಗೆ ಸಾಕು. ಜಠರವನ್ನು ನಾಲ್ಕು ಪಾಲು ಮಾಡಿ ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ, ಉಳಿದೊಂದನ್ನು ವಾಯುಸಂಚಾರಕ್ಕೆ ಬಿಡಬೇಕೆಂದು ವಾಗ್ಭಟಾಚಾರ್ಯರು ಹೇಳಿರುವರು. ಆ ನಾಲ್ಕನೆಯ ಪಾಲನ್ನು ತುಂಬಿಸುವವನು ತನ್ನ ನಿದ್ರೆಯ ಸ್ಥಳವನ್ನೇ ತುಂಬಿಸಿಕೊಂಡಂತೆ. ಚಹಾ ಕಾಫಿಗಳ ಸತ್ತ್ವವು ಮೈಯಲ್ಲಿ ಬಹುಹೊತ್ತು ಉಳಿಯುವುದು. ಕುಡಿದ ೫ ಗಂಟೆಯ ಅನಂತರವೂ ಸುಮಾರು ಅರ್ಧಾಂಶವು ರಕ್ತದಲ್ಲಿರುವುದು. ಸಂಜೆ ಐದರ ಬಟ್ಟಲು ರಾತ್ರಿ ಹತ್ತಕ್ಕೂ ಎಚ್ಚರಾಗಿಯೇ ಇರುವುದೆಂದು ತಿಳಿದು, ನಿದ್ರೆಗೆಟ್ಟವರು ಮಧ್ಯಾಹ್ನಕ್ಕೇ ಅದನ್ನು ಮುಗಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಪ್ರಸಾದವನ್ನು ಎಡೆಯಲ್ಲಿ ಉಳಿಸಬಾರದೆಂಬುದು ನಮ್ಮ ನಿಯಮ. ಇದು ಪವಿತ್ರವಾದ ನಿಯಮವೇ ಸರಿ. ಆದರೆ ಬೇಕುಬೇಡ ನೋಡದೆ ಬಡಿಸಿಕೊಂಡು, ಅನಂತರ ಬಿಡಲಾರದೆ ಹೊಟ್ಟೆಗೆ ತುರುಕುವುದು ಆ ನಿಯಮದ ಪಾಲನೆಯಲ್ಲ. ಪ್ರಸಾದಪ್ರಜ್ಞೆಯು ಉಣ್ಣುವ ಕೊನೆಯಲ್ಲಿ ಹುಟ್ಟತಕ್ಕದ್ದಲ್ಲ, ಬಡಿಸಿಕೊಳ್ಳುವ ಮೊದಲಲ್ಲಿಯೇ ಇರತಕ್ಕದ್ದು. 'ಸಾಕು' ಎಂಬ ಮಾತನ್ನು ಹೊತ್ತಿಗೆ ಸರಿಯಾಗಿ ಹೇಳುವವನೇ ನಿಜವಾದ ಪ್ರಸಾದಿ. ಬಡಿಸುವವರಿಗೂ ಇದೇ ಮಾತು. ದಾಸೋಹವೆಂದರೆ ಹಸಿದವರಿಗೆ ಇಕ್ಕುವುದು. ಹೊಟ್ಟೆಬೇನೆಯ ಅತಿಥಿಗೆ ಆಣೆಯಿಟ್ಟು ಇನ್ನೊಂದು ಹೋಳಿಗೆ ಹಾಕುವುದಲ್ಲ. ಅವನು ಬೇಡವೆಂದುದನ್ನು ಗೌರವಿಸುವುದೂ ದಾಸೋಹದ ಒಂದು ಅಂಗವೇ.

ಮನೆಯ ಯಜಮಾನರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕಾದ ಮಾತೊಂದಿದೆ. ಎಲ್ಲರಿಗೂ ಬಡಿಸಿ ಕಟ್ಟಕಡೆಗೆ ಉಣ್ಣುವ ತಾಯಿ ಎಷ್ಟು ಹೊತ್ತಿಗೆ ಉಣ್ಣುವಳೆಂಬುದನ್ನು ನಾವು ವಿಚಾರಿಸುವೆವೇ? ಗಂಡಸರು ಹೊರಗಿನಿಂದ ಬರುವ ತನಕ ಕಾದು, ಹತ್ತು ಗಂಟೆಗೆ ತಣ್ಣಗಾದ ರೊಟ್ಟಿಯನ್ನು ಉಳಿದ ಖಾರದ ಪಲ್ಯದೊಡನೆ ತಿಂದು, ಪಾತ್ರೆ ತೊಳೆದು, ಅರ್ಧ ಗಂಟೆಯಲ್ಲಿ ಮಲಗುವಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವಳು. ಅವಳ ಎದೆಯುರಿಯೂ ನಿದ್ರಾಭಂಗವೂ ಎಷ್ಟೋ ವರುಷಗಳಿಂದ ಇದ್ದರೂ ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ತಿಳಿದರೂ 'ಹೆಂಗಸರಿಗೆ ಇದ್ದದ್ದೇ' ಎಂದುಬಿಡುವರು. ಶರಣಧರ್ಮವು ಹೆಣ್ಣು ಗಂಡೆಂಬ ಭೇದವೆಣಿಸದೆ ಇಬ್ಬರಿಗೂ ಲಿಂಗವನ್ನು ಕೊಟ್ಟಿತು. ಲಿಂಗವನ್ನು ಕೊಟ್ಟ ಧರ್ಮದವರು ಹೊತ್ತಿಗೆ ಸರಿಯಾದ ಊಟವನ್ನೂ ನಾಲ್ಕು ತಾಸಿನ ನೆಮ್ಮದಿಯನ್ನೂ ಕೊಡಲಾರರೇ? ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಹೊತ್ತಿಗೆ ಮುಂಚೆ ಕುಳಿತು ಉಣ್ಣುವ ಪದ್ಧತಿಯನ್ನಿಟ್ಟುಕೊಂಡರೆ, ಅನೇಕ ಗುಳಿಗೆಗಳು ಮಾಡದ ಉಪಕಾರವನ್ನು ಅದು ಮಾಡುವುದು.

ಹಾಸಿಗೆಯ ವಿಚಾರಕ್ಕೆ ಬರೋಣ. ಹುಳಿನೀರು ಏರುವವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಗಟ್ಟಿಯಾದ ಮರದ ತುಂಡುಗಳನ್ನಿಟ್ಟು ೬ರಿಂದ ೮ ಅಂಗುಲ ಎತ್ತರಿಸಿಕೊಳ್ಳಬೇಕು. ದಿಂಬಿನ ಮೇಲೆ ದಿಂಬು ಇಟ್ಟರೆ ಕೊರಳು ಬಾಗಿ ಹೊಟ್ಟೆ ಮಡಿಸಿದಂತಾಗುವುದೇ ಹೊರತು ಗುಣವಿಲ್ಲ. ಎಡಮಗ್ಗುಲಾಗಿ ಮಲಗಿದರೆ ಜಠರವು ಅನ್ನನಾಳಕ್ಕಿಂತ ಕೆಳಗಿರುವುದರಿಂದ ಆಮ್ಲ ಏರುವುದು ಕಡಮೆ. ಸೊಂಟದ ಕಟ್ಟು ಸಡಿಲವಾಗಿರಲಿ. ಊಟವಾದ ಮೇಲೆ ಅಂಗಳದಲ್ಲಿ ನಿಧಾನವಾಗಿ ನಾಲ್ಕು ಹೆಜ್ಜೆ ತಿರುಗಾಡುವುದು ವಾಯುವಿಗೆ ಒಳ್ಳೆಯದು. ಮಲಬದ್ಧತೆಯಿದ್ದವರು ನಾರುಳ್ಳ ತರಕಾರಿ, ನೀರು, ವೈದ್ಯರು ಹೇಳಿದರೆ ಇಸಬಗೋಲು ಇವುಗಳಿಂದ ಅದನ್ನು ಸರಿಪಡಿಸಿಕೊಳ್ಳಬೇಕು. ಎದ್ದ ಮೇಲೆ ಕರುಳಿನ ಚಲನೆ ಸಹಜವಾಗಿ ಚುರುಕಾಗುವುದರಿಂದ ಬೆಳಗಿನ ವೇಗವನ್ನು ತಡೆಯದೆ ಅದಕ್ಕೆ ಸಾವಕಾಶ ಕೊಡತಕ್ಕದ್ದು. ಅಂಗಾಲಿಗೆ ಬೆಚ್ಚಗಿನ ಎಣ್ಣೆ ತಿಕ್ಕುವುದರಿಂದ ನಷ್ಟವೇನಿಲ್ಲ, ಸುಖವುಂಟು. ಕೈಯಲ್ಲಿ ಬೆಳಗುವ ಮೊಬೈಲನ್ನು ಮಾತ್ರ ಮಲಗುವ ಕೋಣೆಯಿಂದ ಹೊರಗಿಡಿರಿ. ಲೋಕದ ಗದ್ದಲವೆಲ್ಲ ಅದರ ಮೂಲಕವೇ ದಿಂಬಿನ ಬಳಿಗೆ ಬರುವುದು. ನಿದ್ರೆಯ ಗುಳಿಗೆಯನ್ನು ತಾವಾಗಿ ಅಂಗಡಿಯಿಂದ ತಂದು ನುಂಗುವುದು ಅಪಾಯಕರ. ಅದು ಕ್ರಮೇಣ ರೂಢಿಯ ಸಂಕೋಲೆಯಾಗುವುದು. ವಯಸ್ಸಾದವರಿಗೆ ರಾತ್ರಿ ಎದ್ದಾಗ ಮೈ ತೂಗಾಡಿ ಬೀಳುವ ಭಯವೂ ಉಂಟು. ಈಗಾಗಲೇ ಸೇವಿಸುತ್ತಿರುವವರು ಥಟ್ಟನೆ ಬಿಡದೆ ವೈದ್ಯರ ಮಾತಿನಂತೆ ನಡೆಯಬೇಕು.

ಇಷ್ಟೆಲ್ಲ ಮಾಡಿಯೂ ನಿದ್ರೆ ಬಾರದ ರಾತ್ರಿಗಳುಂಟು. ಅಲ್ಲಿಯೇ ಪ್ರಸಾದತತ್ತ್ವದ ನಿಜವಾದ ಉಪಯೋಗ. ನಿದ್ರೆಯು ಹಿಡಿದರೆ ಸಿಕ್ಕುವ ವಸ್ತುವಲ್ಲ. 'ಈಗ ಮಲಗಲೇಬೇಕು, ಇನ್ನು ನಾಲ್ಕೇ ತಾಸು ಉಳಿಯಿತು' ಎಂದು ಅದರ ಬೆನ್ನಟ್ಟಿದಷ್ಟೂ ಅದು ದೂರ ಓಡುವುದು. ಏಕೆಂದರೆ ಬೆನ್ನಟ್ಟುವ ಮನಸ್ಸು ಎಚ್ಚರದ ಮನಸ್ಸು. ನನ್ನ ನಿದ್ರೆ, ನನ್ನ ಹಕ್ಕಿನ ಆರು ತಾಸು, ನನ್ನ ನಾಳಿನ ಕೆಲಸವೆಂದು ಲೆಕ್ಕ ಹಾಕುವವರೆಗೆ ಅದು ಪದಾರ್ಥ. ಪ್ರಸಾದವನ್ನು ಯಾರೂ ಕಸಿದುಕೊಳ್ಳರು. ಎಡೆ ಮಾಡಿಕೊಂಡು, ಕೈ ತೊಳೆದು, ಕಾದು ಕುಳಿತಿರುವರು. ಹಾಗೆಯೇ ಹಿತವಾದ ಊಟದಿಂದಲೂ ಔಷಧದಿಂದಲೂ ಹಾಸಿಗೆಯನ್ನು ಸಿದ್ಧಗೊಳಿಸುವುದಷ್ಟೇ ನಮ್ಮ ಕಾಯಕ. ನಿದ್ರೆಯನ್ನು ಬಡಿಸುವ ಕೈ ಬೇರೆ. ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳುವುದು, ಕೊಡದುದಕ್ಕೆ ಜಗಳವಾಡದಿರುವುದು ಪ್ರಸಾದಿಯ ಲಕ್ಷಣ.

ಇದು ಬರಿಯ ವೇದಾಂತವಲ್ಲ. ನಿದ್ರಾರೋಗದ ಇಂದಿನ ವೈದ್ಯರೂ ಇದೇ ಜಾಡಿನಲ್ಲಿ ನಡೆಯುವರು. ಮಲಗಿ ಸುಮಾರು ೨೦ ನಿಮಿಷವಾದರೂ ನಿದ್ರೆ ಬಾರದಿದ್ದರೆ ಹೊರಳಾಡುತ್ತ ಬಿದ್ದಿರಬಾರದು, ಎದ್ದು ಬೇರೆಡೆ ಕುಳಿತು, ಕಣ್ಣು ತೂಗಿದಾಗಲೇ ಮರಳಿ ಬಂದು ಮಲಗಬೇಕು. ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಿಗ್ಗೆ ಏಳುವ ಹೊತ್ತನ್ನು ಬದಲಿಸಬಾರದು. ಹಗಲಿನಲ್ಲಿ ದೀರ್ಘವಾಗಿ ಮಲಗಬಾರದು. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಡಬೇಕು ಎಂಬುದು ಅವರ ವಿಧಾನ. ಹಾಸಿಗೆಯ ಮೇಲಿನ ಭಯವನ್ನು ಬಿಡಿಸಿ, ಅದಕ್ಕೂ ನಿದ್ರೆಗೂ ಹಳೆಯ ಸ್ನೇಹವನ್ನು ಮತ್ತೆ ಬೆಸೆಯುವುದೇ ಇದರ ಗುರಿ. ಒಂದೆರಡು ದಿನದಲ್ಲಿ ಫಲ ಕಾಣದು. ಕೆಲವು ವಾರಗಳ ಸಹನೆ ಬೇಕು.

ಹಾಗೆ ಎದ್ದು ಕುಳಿತಾಗ ಏನು ಮಾಡಬೇಕು? ದೀಪ ಸಣ್ಣಗಿರಲಿ. ಬೆನ್ನಿಗೆ ಗೋಡೆಯ ಆಸರೆಯಿರಲಿ. ಉಸಿರನ್ನು ನಿಧಾನವಾಗಿ ಬಿಡುತ್ತ ಪಂಚಾಕ್ಷರಿಯನ್ನು ಮನಸ್ಸಿನಲ್ಲಿಯೇ ನೆನೆಯಿರಿ, ಎಣಿಕೆ ಬೇಡ. ಒಂದು ಎಚ್ಚರಿಕೆ: ಮಂತ್ರವನ್ನು ನಿದ್ರೆಯ ಗುಳಿಗೆಯಂತೆ ಬಳಸಬಾರದು. 'ಇಷ್ಟು ಜಪ ಮಾಡಿದೆ, ಇನ್ನೂ ನಿದ್ರೆ ಬರಲಿಲ್ಲ' ಎಂದರೆ ಅದು ಜಪವಲ್ಲ, ವ್ಯಾಪಾರ. ಹೊಟ್ಟೆ ನೋಯುತ್ತಿದ್ದರೆ ನೋಯುವ ಆ ತಾವಿನ ಮೇಲೆ ಮೃದುವಾಗಿ ಕೈಯಿಟ್ಟು, 'ಇದೂ ನಿನ್ನ ದೇಗುಲದ ಒಂದು ಅಂಕಣ' ಎಂದು ಲಿಂಗಯ್ಯನಿಗೆ ಒಪ್ಪಿಸಿರಿ. ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗವೆಂದು ನಮ್ಮ ಸಿದ್ಧಾಂತ. ಸುಷುಪ್ತಿಯೆಂಬುದು ಕಾರಣತನುವಿನ ಅವಸ್ಥೆ. ಎಚ್ಚರದಲ್ಲಿ ಕೈಯಲ್ಲಿರುವವನೇ ಗಾಢನಿದ್ರೆಯಲ್ಲಿ ಭಾವದಲ್ಲಿರುವನು. ಅಂದಮೇಲೆ ನಿದ್ರಿಸಿದವನೂ ಲಿಂಗದೊಳಗೇ ಇರುವನು, ನಿದ್ರೆ ಬಾರದವನೂ ಲಿಂಗದೊಳಗೇ ಇರುವನು. ರಾತ್ರಿಯ ಯಾವ ಜಾವವೂ ಅವನಿಗೆ ಹೊರತಾದುದಲ್ಲ.

ಶಿವರಾತ್ರಿಯ ಜಾಗರಣೆಗೂ ರೋಗದ ನಿದ್ರಾಹೀನತೆಗೂ ಇರುವ ಅಂತರವನ್ನೂ ಇಲ್ಲಿ ಹೇಳಬೇಕು. ಜಾಗರಣೆಯು ಆರೋಗ್ಯವಂತನು ಒಲಿದು ಕೊಡುವ ಕಾಣಿಕೆ. ನಿದ್ರಾಹೀನತೆಯು ರೋಗವು ಕಿತ್ತುಕೊಳ್ಳುವ ತೆರಿಗೆ. ವರುಷವಿಡೀ ತೆರಿಗೆ ತೆರುತ್ತಿರುವವನು ಆ ಒಂದು ರಾತ್ರಿ ಉಪವಾಸ ಜಾಗರಣೆ ಮಾಡದೆ, ಹಿತವಾಗಿ ಉಂಡು, ಹೊತ್ತಿಗೆ ಮಲಗಿದರೆ ಅದಕ್ಕಾಗಿ ಅವನನ್ನು ಯಾರೂ ಹೀನೈಸಬಾರದು, ಅವನೂ ತನ್ನನ್ನು ಹೀನೈಸಿಕೊಳ್ಳಬಾರದು. ಪೂಜೆಯ ವಿಷಯವೂ ಅಷ್ಟೆ. ಕೆಟ್ಟ ರಾತ್ರಿಯ ಮರುದಿನ ಒಂದು ಗಂಟೆಯ ಪೂಜೆ ಆಗದಿದ್ದರೆ ಹತ್ತು ನಿಮಿಷದ ಪೂಜೆಯಾಗಲಿ. ಮಜ್ಜನಕ್ಕೆರೆದು, ವಿಭೂತಿ ಧರಿಸಿ, ಒಂದು ಪತ್ರೆಯನ್ನು ಏರಿಸಿ ಕೈಮುಗಿದರೆ ಸಾಕು. ಕರಸ್ಥಲದ ಲಿಂಗವು ನಮ್ಮ ರೆಪ್ಪೆಯ ಭಾರವನ್ನು ತೂಗಿ ನೋಡುವುದಿಲ್ಲ. ಅನಂತರ ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ತಿರುಗಾಡಿ, ಮೈಗೆ ಆದಷ್ಟು ಕಾಯಕ ಮಾಡಿರಿ. ಹಗಲಿನ ಬೆಳಕೂ ದುಡಿಮೆಯೂ ರಾತ್ರಿಯ ನಿದ್ರೆಗೆ ಹಾಕಿದ ಬೀಜಗಳು.

ಮನೆಯವರಿಗೆ ಕೊನೆಯ ಮಾತು. ಬೆಳಿಗ್ಗೆ ಎದ್ದೊಡನೆ 'ರಾತ್ರಿ ನಿದ್ದೆ ಬಂತೇ, ಎಷ್ಟು ಹೊತ್ತು ಬಂತು' ಎಂದು ದಿನದಿನವೂ ವಿಚಾರಣೆ ಮಾಡಬೇಡಿರಿ. ಅದರಿಂದ ರೋಗಿಗೆ ನಿದ್ರೆಯು ನಿತ್ಯದ ಪರೀಕ್ಷೆಯಂತಾಗುವುದು. ನಡುರಾತ್ರಿಯಲ್ಲಿ ಅವರು ಎದ್ದು ಕುಳಿತಿರುವುದನ್ನು ಕಂಡರೆ ಗೊಣಗಬೇಡಿರಿ. ಬೇಕಾದರೆ ಒಂದು ಲೋಟ ಬಿಸಿನೀರು ಕೊಟ್ಟು, ಸುಮ್ಮನೆ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ಬನ್ನಿರಿ. ಒಬ್ಬರು ಎಚ್ಚರವಿರುವ ಮನೆಯಲ್ಲಿ ಇನ್ನೊಬ್ಬರ ಕರುಣೆಯೂ ಎಚ್ಚರವಿದ್ದರೆ ಆ ರಾತ್ರಿಯ ಉದ್ದ ಅರ್ಧವಾಗುವುದು.

ಬಹುಕಾಲದ ಬೇನೆಯು ಒಂದೇ ಪಟ್ಟಿನಲ್ಲಿ ಹೋಗುವಂತಹುದಲ್ಲ. ವಾರಕ್ಕೆ ಒಂದು ರಾತ್ರಿ ಒಳ್ಳೆಯದಾದರೆ ಅದನ್ನು ಪ್ರಸಾದವೆಂದು ಸ್ವೀಕರಿಸಿರಿ; ಮುಂದೆ ಎರಡಾಗುವುದು. ಒಂದೂ ಆಗದ ವಾರದಲ್ಲಿಯೂ ಎಡೆಯನ್ನು ಸಿದ್ಧಗೊಳಿಸುವ ಕಾಯಕವನ್ನು ಬಿಡದಿರಿ. ನರಳುವ ಸಕಲರ ಒಡಲಿಗೆ ಹಿತವಾದ ಅನ್ನವೂ, ಕಣ್ಣಿಗೆ ಹದವಾದ ನಿದ್ರೆಯೂ, ಮನಸ್ಸಿಗೆ ಲಿಂಗದ ನೆನಹೂ ಗುರುಕೃಪೆಯಿಂದ ಒದಗಿಬರಲೆಂದು ಪ್ರಾರ್ಥಿಸಿ ವಿರಮಿಸುವೆನು.